ಮೀಟರ್ ಮೇಷ್ಟ್ರ ನಾಲ್ಕು ಅಂಕಿ

ಕಾರ್ಖಾನೆಗಳ ಆ ಉದ್ದನೆಯ ರಸ್ತೆಯಲ್ಲಿ ಅವರಿಗೆ ಮೀಟರ್ ಮೇಷ್ಟ್ರು ಎಂದೇ ಹೆಸರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ತಾವೂ ಶಾಲೆಯ ಬೆಂಚಿನ ಮೇಲೆ ಹೆಚ್ಚು ದಿನ ಕೂತವರಲ್ಲ. ಆದರೆ ಪ್ಯಾನೆಲ್ ಮುಂದೆ ನಿಂತು ತಲೆ ಕೆರೆದುಕೊಳ್ಳುವವರು ಯಾರೇ ಇರಲಿ, ‘ನಿಂಗೆ ಯಾರಯ್ಯಾ ಕೆಲಸ ಕಲಿಸಿದ್ದು?’ ಎಂದು ಗದರುವ ಚಾಳಿ ಅವರಿಗಿತ್ತು. ಅದರಿಂದ ಅಂಟಿದ ಹೆಸರು ಅದು. ಮೊದಮೊದಲು ಲೇವಡಿಗೆ ಕರೆದರು, ಆಮೇಲೆ ಅಭ್ಯಾಸಕ್ಕೆ ಕರೆದರು, ಕಡೆಗೆ ಮನೆಯ ಹೆಂಡತಿಯೂ ಸಿಟ್ಟು ಬಂದಾಗ ‘ಏನ್ರೀ ಮೇಷ್ಟ್ರೇ’ ಎನ್ನತೊಡಗಿದರು.

ಕಸುಬು ಇಷ್ಟೇ. ವೋಲ್ಟೇಜ್ ಎಷ್ಟಿದೆ, ಯಂತ್ರ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ತೋರಿಸುವ ಅಂಗೈಯಗಲದ ಮೀಟರುಗಳನ್ನು ಕಬ್ಬಿಣದ ಪ್ಯಾನೆಲ್ ಬಾಗಿಲಿಗೆ ಕೂರಿಸುವುದು. ಕೂರಿಸಿದರೆ ಅರ್ಧ ಕೆಲಸವಾಯಿತು. ಇನ್ನರ್ಧ ಎಂದರೆ ಆ ಮೀಟರಿಗೆ ಬುದ್ಧಿ ಹೇಳುವುದು. ದಪ್ಪ ಕೇಬಲ್ಲಿನ ಕರೆಂಟನ್ನು ನೇರವಾಗಿ ಮೀಟರಿಗೆ ಬಿಟ್ಟರೆ ಅದು ಸುಟ್ಟು ಕರಕಲಾಗುತ್ತದೆ. ಅದಕ್ಕೇ ಕೇಬಲ್ಲಿಗೆ ಒಂದು ಸಿ.ಟಿ. ತೊಡಿಸುತ್ತಾರೆ. ನೋಡಲು ದಪ್ಪ ಬಳೆಯ ಹಾಗಿರುವುದರಿಂದ ಮೇಷ್ಟ್ರು ಅದನ್ನು ಬಳೆ ಎಂದೇ ಕರೆಯುತ್ತಿದ್ದರು. ದೊಡ್ಡ ಕರೆಂಟಿನ ಒಂದು ಸಣ್ಣ ಪಾಲನ್ನು ಬಳೆ ಮೀಟರಿಗೆ ಕಳಿಸುತ್ತದೆ. ಬಳೆ ನೂರು ಆಂಪಿನದ್ದೋ ಇನ್ನೂರರದ್ದೋ ಎಂದು ಗುಂಡಿ ಒತ್ತಿ ಮೀಟರಿಗೆ ತಿಳಿಸಬೇಕು. ಅಲ್ಲಿ ತಪ್ಪಿದರೆ ಮೀಟರ್ ಪಾಪ ತನಗೆ ಗೊತ್ತಿಲ್ಲದೆಯೇ ಬದುಕಿಡೀ ಸುಳ್ಳು ಹೇಳಿಕೊಂಡು ಕೂರುತ್ತದೆ.

ಈ ಲೆಕ್ಕವನ್ನು ಕಂಡಕಂಡವರು ಬದಲಿಸಬಾರದೆಂದು ಮೀಟರಿಗೆ ನಾಲ್ಕಂಕಿಯ ಗುಟ್ಟಿನ ನಂಬರ್ ಇರುತ್ತದೆ. ಡಬ್ಬಿಯಿಂದ ತೆಗೆದಾಗ ನಾಲ್ಕೂ ಸೊನ್ನೆ. ಆ ಸೊನ್ನೆಗಳನ್ನು ಅಳಿಸಿ ತಮ್ಮದೇ ನಂಬರ್ ಇಟ್ಟುಬಿಡುವುದು ಈ ಕಸುಬಿನವರ ಹಳೆಯ ಕಿತಾಪತಿ. ಬಳೆ ಬದಲಾದರೆ, ಯಂತ್ರ ಬದಲಾದರೆ, ಗಿರಾಕಿ ತಿಪ್ಪರಲಾಗ ಹಾಕಿದರೂ ಅವರನ್ನೇ ಕರೆಯಬೇಕು. ಮೇಷ್ಟ್ರು ಆ ರಸ್ತೆಯ ಎಲ್ಲ ಮೀಟರುಗಳಿಗೂ ಒಂದೇ ನಂಬರ್ ಇಟ್ಟಿದ್ದರು. ಹುಟ್ಟಿದ ವರ್ಷ, ಮದುವೆಯ ತಾರೀಖು ಇಡುವವರು ಶುದ್ಧ ಮಂಕುಗಳು ಎಂಬುದು ಅವರ ಅಭಿಪ್ರಾಯ. ತಾವು ಕಣ್ಣುಮುಚ್ಚಿಕೊಂಡು ಗುಂಡಿ ಒತ್ತಿ, ಬಂದ ಅಂಕಿಗಳನ್ನೇ ಉಳಿಸಿಕೊಂಡಿದ್ದರು. ಎಲ್ಲೂ ಬರೆದಿಡಲಿಲ್ಲ, ಯಾರಿಗೂ ಹೇಳಲಿಲ್ಲ. ತಮ್ಮ ಜೊತೆ ಸಮಕ್ಕೆ ಸಮ ದುಡಿಯುವ ಮಗಳಿಗೂ ಹೇಳಲಿಲ್ಲ.

ಮಗಳಿಗೂ ಏಕೆ ಹೇಳಲಿಲ್ಲ ಎಂದರೆ, ಅದಕ್ಕೊಂದು ಹೆದರಿಕೆ ಇತ್ತು. ಮೇಷ್ಟ್ರಿಗೆ ಕೆಲಸ ಕಲಿಸಿದವರು ಸೋದರಮಾವ. ಮಾವ ಏನನ್ನೂ ಬಚ್ಚಿಡದೆ ಕಲಿಸಿದರು. ಕಲಿತ ಅಳಿಯ ಮಾಡಿದ್ದೇನು? ಮಾವನ ಗಿರಾಕಿಗಳನ್ನೇ ಒಬ್ಬೊಬ್ಬರಾಗಿ ತನ್ನ ಕಡೆ ಎಳೆದುಕೊಂಡ. ಮಾವ ಕೊನೆಗಾಲದಲ್ಲಿ ಮನೆ ಬಾಗಿಲಿಗೆ ಕುರ್ಚಿ ಹಾಕಿಕೊಂಡು, ಉಪಕರಣಗಳ ಚೀಲವನ್ನು ಪಕ್ಕದಲ್ಲಿಟ್ಟುಕೊಂಡು, ಯಾರಾದರೂ ಕರೆಯಬಹುದೆಂದು ಕಾಯುತ್ತಿದ್ದುದನ್ನು ಮೇಷ್ಟ್ರು ಕಣ್ಣಾರೆ ಕಂಡಿದ್ದರು. ಕಂಡೂ ಬೇರೆ ರಸ್ತೆ ಹಿಡಿದು ಹೋಗಿದ್ದರು. ಆ ಕುರ್ಚಿ ತಮಗೂ ಬರಬಹುದೆಂಬ ಭಯ ಅವರನ್ನು ಬಿಡಲಿಲ್ಲ.

ಹಾಗಾಗಿ ಬಾಗಿಲಿಗೆ ಚೌಕ ತೂತು ಕೊರೆಯುವುದು, ಅಂಚಿಗೆ ಅರ ಹಾಕುವುದು, ಮೀಟರ್ ಕೂರಿಸಿ ಬಿಗಿಯುವುದು, ವೈರ್ ಎಳೆದು ತುದಿಗೆ ಗುರುತಿನ ನಂಬರ್ ತೊಡಿಸುವುದು ಎಲ್ಲ ಮಗಳದ್ದು. ಅವಳ ಕೈ ಅಪ್ಪನ ಕೈಗಿಂತ ಅಚ್ಚುಕಟ್ಟು. ಬಳೆಯ ವೈರ್ ಮುಟ್ಟುವುದು, ಗುಂಡಿ ಒತ್ತುವುದು ಮಾತ್ರ ಮೇಷ್ಟ್ರದ್ದು. ಆ ಹೊತ್ತಿಗೆ ಸರಿಯಾಗಿ ‘ಹೋಗಿ ಟೀ ಸಿಗುತ್ತಾ ನೋಡು’ ಎಂದು ಅವಳನ್ನು ಸಾಗಹಾಕುತ್ತಿದ್ದರು. ಅವಳಿಗೆ ಗೊತ್ತಾಗದೆ ಇರುತ್ತಿತ್ತೇ? ಮೂವತ್ತು ದಾಟಿದ ಹೆಂಗಸು. ಮುಖ ಗಂಟಿಕ್ಕಿಕೊಂಡು ಹೋಗುತ್ತಿದ್ದಳು, ಬೇಕೆಂದೇ ತಡಮಾಡಿ ಬರುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಮೇಷ್ಟ್ರ ಕೈಯಿಂದ ಬ್ರಷ್ ಜಾರಿತು. ಎತ್ತಿಕೊಳ್ಳಲು ಬಗ್ಗಿದವರು ಎದ್ದದ್ದು ಆಸ್ಪತ್ರೆಯಲ್ಲಿ. ಲಕ್ವ ಬಲಗೈಯನ್ನು ಪೂರ್ತಿ, ಬಲಗಾಲನ್ನು ಅರ್ಧ ಕಿತ್ತುಕೊಂಡಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಮಾತಿಗೆ ಬಿದ್ದಿತ್ತು. ಯಾರು ಏನು ಹೇಳಿದರೂ ಅರ್ಥವಾಗುತ್ತಿತ್ತು. ತಾವು ಹೇಳಬೇಕಾದದ್ದೂ ಒಳಗೆ ಸ್ಪಷ್ಟವಾಗಿತ್ತು. ಬಾಯಿ ತೆರೆದರೆ ಮಾತ್ರ ‘ಹನ್ನೊಂದು’ ಎಂದು ಬರುತ್ತಿತ್ತು. ನೀರು ಬೇಕೆಂದರೂ ಹನ್ನೊಂದು, ಸೆಕೆ ಎಂದರೂ ಹನ್ನೊಂದು. ಹೆಂಡತಿಯನ್ನು ಕರೆಯಲು ಹೋದರೂ ಹನ್ನೊಂದೇ.

“ಇರ್ಲಿ ಬಿಡಿ, ಇಷ್ಟು ವರ್ಷ ಏಯ್ ಅಂತ ಕರೀತಿದ್ರಿ. ಹನ್ನೊಂದು ಅದಕ್ಕಿಂತ ವಾಸಿ,” ಎಂದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹೆಂಡತಿ ನಗಿಸಲು ನೋಡಿದರು. ಮೇಷ್ಟ್ರು ನಕ್ಕರು. ನಗು ಮುಖದ ಒಂದೇ ಕಡೆ ಬಂತು. ಆಕೆ ಅಡುಗೆಮನೆಗೆ ಹೋಗಿ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ಅತ್ತದ್ದು ಅವರಿಗೆ ಕೇಳಿಸಿತು.

ಮನೆಗೆ ಬಂದ ಮೊದಲ ದಿನವೇ ಮೇಷ್ಟ್ರು ಮಾಡಲು ಹೊರಟದ್ದು ಒಂದೇ ಕೆಲಸ, ಮಗಳಿಗೆ ಆ ನಂಬರ್ ಕೊಡುವುದು. ಅಷ್ಟು ವರ್ಷ ಮುಚ್ಚಿಟ್ಟದ್ದನ್ನು ಈಗ ಕೊಡದೆ ಸತ್ತರೆ ಅವಳ ಗತಿ ಏನು? ರಸ್ತೆಯ ಆ ತುದಿಯಿಂದ ಈ ತುದಿಯವರೆಗೆ ಪ್ರತಿ ಮೀಟರೂ ಅವಳ ಮುಖಕ್ಕೆ ಬಾಗಿಲು ಹಾಕುತ್ತದೆ. ಇದೊಂದು ಕಸುಬು ಬಿಟ್ಟು ಅವಳಿಗೆ ಬೇರೆ ಏನೂ ಗೊತ್ತಿಲ್ಲ. ಅವಳ ಸೆರಗು ಹಿಡಿದು ಎಳೆದು ಕೂರಿಸಿಕೊಂಡರು. ನಂಬರ್ ಒಳಗೇ ಇತ್ತು, ನಾಲಿಗೆಯ ತುದಿಯವರೆಗೂ ಬಂತು. ಬಾಯಿ ತೆರೆದರು. “ಹನ್ನೊಂದು,” ಎಂದರು.

ಎಡಗೈಗೆ ಪೆನ್ಸಿಲ್ ಕೊಟ್ಟರೆ ಕಾಗದದ ಮೇಲೆ ಎರಡು ಗೆರೆ ಬಿತ್ತು, ಅಲ್ಲೂ ಅದೇ ಹನ್ನೊಂದು. ಮಗಳು ಹಳೆಯ ಕ್ಯಾಲೆಂಡರ್ ಕತ್ತರಿಸಿ ಅಂಕಿಗಳನ್ನು ಬಿಡಿಬಿಡಿಯಾಗಿ ಮುಂದಿಟ್ಟಳು. “ಇದಾ ಅಪ್ಪ? ಇದಾ?” ಪ್ರತಿ ಚೂರನ್ನು ಎತ್ತಿದಾಗಲೂ ಇದೇ ಎನ್ನಿಸುತ್ತಿತ್ತು, ತಲೆಯಾಡಿಸುತ್ತಿದ್ದರು. ಕೆಳಗಿಟ್ಟ ಕೂಡಲೇ ಅಲ್ಲ ಎನ್ನಿಸುತ್ತಿತ್ತು. ಮನೆಯಲ್ಲಿದ್ದ ಒಂದು ಹಾಳು ಮೀಟರ್ ತಂದು ಗುಂಡಿಗಳ ಮೇಲೆ ಎಡಗೈಯ ಬೆರಳಿಟ್ಟಳು. ಆ ಬೆರಳಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದ ಬೆರಳು ಬಲಗೈಯಲ್ಲಿತ್ತು, ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಮೇಷ್ಟ್ರು ಆ ಕೈಯನ್ನು ಎಡಗೈಯಿಂದ ಎತ್ತಿ ಎತ್ತಿ ಬಡಿದುಕೊಂಡರು. ಮಗಳು ಬಿಡಿಸಬೇಕಾಯಿತು.

ಹಳೆಯ ಗಿರಾಕಿಗಳು ಒಂದಷ್ಟು ದಿನ ಕಾದರು. ಬಳಿಕ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಮ್ಯಾನೇಜರ್ ಫೋನ್ ಮಾಡಿದ. ಹೊಸ ಯಂತ್ರ ಬಂದಿದೆ, ದಪ್ಪ ಕೇಬಲ್ ಹಾಕಿದ್ದಾರೆ, ನೂರರ ಬಳೆ ತೆಗೆದು ಇನ್ನೂರರದ್ದು ತೊಡಿಸಿದ್ದಾರೆ. ಮೀಟರ್ ಮಾತ್ರ ಹಳೆಯ ಲೆಕ್ಕದಲ್ಲೇ ಇದ್ದು ನಿಜದ ಅರ್ಧವನ್ನಷ್ಟೇ ತೋರಿಸುತ್ತಿದೆ. “ಇವತ್ತು ಸರಿ ಮಾಡ್ಕೊಡಿ. ಆಗಲ್ಲಾಂದ್ರೆ ಬಾಯಿಬಿಟ್ಟು ಹೇಳಿ, ನಮ್ಮ ಎಲ್ಲಾ ಪ್ಯಾನೆಲ್ಲೂ ಬೇರೆಯವ್ರಿಗೆ ಕೊಡ್ತೀನಿ.” ಅವನು ಕೊಟ್ಟರೆ ಪಕ್ಕದವನೂ ಕೊಡುತ್ತಾನೆ, ಆ ರಸ್ತೆಯಲ್ಲಿ ಸುದ್ದಿ ನಡೆಯುವುದಿಲ್ಲ, ಓಡುತ್ತದೆ.

ಮಗಳು ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟಳು. ಪ್ಯಾನೆಲ್ ಎದುರಿಗೆ ನಿಂತರೆ ನೆನಪಾಗಬಹುದು ಎಂಬುದು ಅವಳ ಆಸೆ. ಮೇಷ್ಟ್ರಿಗೂ ಅದೇ ಆಸೆ. ದಾರಿಯುದ್ದಕ್ಕೂ ಕಣ್ಣುಮುಚ್ಚಿ ನಾಲಿಗೆಯನ್ನು ಹಲ್ಲಿಗೆ ಒತ್ತಿ ಹಿಡಿದಿದ್ದರು, ಬಂದರೆ ಸರಿಯಾದದ್ದೇ ಬರಲಿ ಎಂದು.

ಪ್ಯಾನೆಲ್ ಕೋಣೆ ಯಂತ್ರಗಳ ಗೋಡೆಗೆ ಅಂಟಿಕೊಂಡ ಇಕ್ಕಟ್ಟಾದ ಜಾಗ. ನೆಲಕ್ಕೆ ಕಪ್ಪು ರಬ್ಬರ್ ಹಾಸು, ಮೂಲೆಯಲ್ಲಿ ರಟ್ಟಿನ ಧೂಳು, ಆಚೆಯಿಂದ ಒಂದೇ ಸಮನೆ ಧಡಧಡ ಸದ್ದು. ಮ್ಯಾನೇಜರ್ ಪ್ಲಾಸ್ಟಿಕ್ ಕುರ್ಚಿ ತರಿಸಿದ. “ಹೇಗಿದೀರಾ ಮೇಷ್ಟ್ರೇ?”

“ಹನ್ನೊಂದು,” ಎಂದರು ಮೇಷ್ಟ್ರು.

ಮ್ಯಾನೇಜರ್ ಗಲಿಬಿಲಿಯಾಗಿ ಗಡಿಯಾರ ನೋಡಿಕೊಂಡ. ಮಗಳು, “ಸ್ವಲ್ಪ ಹೊತ್ತು ಮಷೀನ್ ನಿಲ್ಸೋಕಾಗುತ್ತಾ ಸಾರ್?” ಎಂದು ಕೇಳಿದಳು. “ಅಯ್ಯೋ, ಸಂಜೆ ಲಾರಿ ಬರುತ್ತಮ್ಮಾ. ನಿಲ್ಸೋ ಮಾತೇ ಇಲ್ಲ,” ಎಂದು ಅವನು ಹೊರಗೆ ಹೋದ.

ಮಗಳು ಅಪ್ಪನನ್ನು ಎಬ್ಬಿಸಿ ಮೀಟರ್ ಎದುರು ನಿಲ್ಲಿಸಿದಳು. ಗುಂಡಿ ಒತ್ತಿ ಹಿಡಿದಾಗ ನಾಲ್ಕು ಖಾಲಿ ಜಾಗ ಮಿನುಗಿದವು. ಮೂರು ಸಲ ತಪ್ಪಿದರೆ ಆ ಜಾತಿಯ ಮೀಟರ್ ಪೂರ್ತಿ ಬಿಗಿದುಕೊಳ್ಳುತ್ತದೆ, ಮತ್ತೆ ಕಂಪನಿಗೇ ಕಳಿಸಬೇಕು. ಮೇಷ್ಟ್ರ ಎಡಗೈಯ ಹೆಬ್ಬೆರಳು ಗುಂಡಿ ಒತ್ತಿತು. ಒತ್ತುತ್ತಿರುವಾಗಲೇ ಅಲ್ಲ ಅಲ್ಲ ಎಂದು ಮನಸ್ಸು ಕಿರುಚುತ್ತಿತ್ತು, ಬೆರಳು ಕೇಳಲಿಲ್ಲ. ಮೀಟರ್ ತಿರಸ್ಕರಿಸಿತು. ಎರಡನೆಯ ಸಲವೂ ಹಾಗೇ ಆಯಿತು.

“ಅಪ್ಪಾ, ಇನ್ನೊಂದೇ ಸಲ ಉಳಿದಿರೋದು. ನಿಧಾನಕ್ಕೆ ಯೋಚ್ನೆ ಮಾಡು. ನಿಂಗೆ ಕೈ ಮುಗೀತೀನಿ.”

ಮೇಷ್ಟ್ರು ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡರು. ಅವರಿಗೆ ಧೈರ್ಯ ಸಾಲಲಿಲ್ಲ. ಕಣ್ಣಲ್ಲಿ ನೀರು ತುಂಬಿ ಮೀಟರೇ ಕಾಣದಾಯಿತು. ಮಗಳು ಅಪ್ಪನನ್ನು ವಾಪಸ್ಸು ಕುರ್ಚಿಯಲ್ಲಿ ಕೂರಿಸಿದಳು. ಅವಳ ಕೈಯಲ್ಲಿ ಮೊದಲಿನ ನಯವಿರಲಿಲ್ಲ.

“ಸಾಕು ಬಿಡು. ಇದನ್ನ ಕಿತ್ತು ಹೊಸಾದು ಹಾಕ್ತೀನಿ. ನಂಬರ್ ಗೊತ್ತಿಲ್ಲ ಅಂತ ಮ್ಯಾನೇಜರ್‌ಗೆ ಗೊತ್ತಾಗುತ್ತೆ, ಗೊತ್ತಾಗ್ಲಿ. ಎಷ್ಟು ದಿನ ಅಂತ ಮುಚ್ಚಿಡೋದು?”

ಚೀಲದಿಂದ ಹೊಸ ಮೀಟರ್ ತೆಗೆದಳು. ಪ್ಯಾನೆಲ್ ಬಾಗಿಲು ತೆರೆದು ಮೀಟರಿನ ಎರಡು ಪುಟ್ಟ ಫ್ಯೂಸುಗಳನ್ನು ಎಳೆದಳು. ಮುಂದಿನ ಹೊಳೆಯುವ ಅಂಕಿಗಳು ಆರಿದವು. ಅವಳು ನಿರಾಳವಾಗಿ ಸ್ಕ್ರೂಡ್ರೈವರ್ ಹಿಡಿದು ಮೀಟರಿನ ಬೆನ್ನಿನ ಕಡೆಗೆ ಬಗ್ಗಿದಳು.

ಮೇಷ್ಟ್ರ ಜೀವ ಬಾಯಿಗೆ ಬಂತು.

ಅಂಕಿ ಆರಿದರೆ ಮೀಟರ್ ಸತ್ತಿತು ಎಂದು ಅವಳು ತಿಳಿದಿದ್ದಾಳೆ. ಮೀಟರ್ ಸತ್ತಿರಬಹುದು, ಬಳೆ ಸತ್ತಿಲ್ಲ. ಆಚೆ ಯಂತ್ರ ಧಡಧಡ ಎನ್ನುತ್ತಿರುವವರೆಗೂ ಬಳೆ ತನ್ನ ಪಾಲಿನ ಕರೆಂಟನ್ನು ಆ ವೈರಿಗೆ ತಳ್ಳುತ್ತಲೇ ಇರುತ್ತದೆ. ಅದಕ್ಕೆ ಹರಿಯಲು ದಾರಿ ಬೇಕು. ದಾರಿ ಕಡಿದರೆ, ಪುಟ್ಟ ವೈರಿನ ತುದಿಯಲ್ಲಿ ಸಾವಿರಾರು ವೋಲ್ಟ್ ಏರಿ ಕೈಯಲ್ಲೇ ಸಿಡಿಯುತ್ತದೆ. ಆದ್ದರಿಂದ ವೈರ್ ಬಿಚ್ಚುವ ಮೊದಲು, ಕೆಳಗಿನ ಸಾಲಿನಲ್ಲಿರುವ ತಗಡಿನ ಲಿಂಕ್ ಸರಿಸಿ ಬಳೆಯ ಎರಡು ತುದಿಗಳನ್ನು ಒಂದಕ್ಕೊಂದು ಕೂಡಿಸಬೇಕು. ಮೇಷ್ಟ್ರು ಪ್ರತಿ ಸಲವೂ ಅದನ್ನು ಮಾಡುತ್ತಿದ್ದರು, ಅವಳು ಟೀಗೆ ಹೋದಾಗ ಮಾಡುತ್ತಿದ್ದರು. ‘ಅಲ್ಲಿಗೆ ಕೈ ಹಾಕ್ಬೇಡ’ ಎಂದು ನೂರು ಸಲ ಹೇಳಿದ್ದರು. ಏಕೆ ಎಂದು ಒಂದು ಸಲವೂ ಹೇಳಿರಲಿಲ್ಲ.

ಸ್ಕ್ರೂ ಒಂದು ಸುತ್ತು ತಿರುಗಿತು. ಯಂತ್ರದ ಸದ್ದಿನ ನಡುವೆಯೂ ಮೇಷ್ಟ್ರಿಗೆ ಸಣ್ಣಗೆ ಜುಂಯ್ ಎನ್ನುವುದು ಕೇಳಿಸಿತು. ಅವರ ಕಿವಿ ಅದಕ್ಕೆಂದೇ ಪಳಗಿದ್ದು. ಎದ್ದು ಓಡೋಣವೆಂದರೆ ಕಾಲು ಮಾತು ಕೇಳಲಿಲ್ಲ, ಕುರ್ಚಿ ವಾಲಿತು. ಲಿಂಕ್ ಹಾಕು, ಮುಟ್ಟಬೇಡ, ಲಿಂಕ್ ಹಾಕು! ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಮೇಷ್ಟ್ರು ಕೂಗಿದರು.

“ಏಳು ಮೂರು ಸೊನ್ನೆ ಆರು!”

ಮಗಳ ಕೈ ತಟ್ಟನೆ ನಿಂತಿತು. ಸ್ಕ್ರೂಡ್ರೈವರ್ ಹಿಂದಕ್ಕೆ ತೆಗೆದುಕೊಂಡು ತಿರುಗಿದಳು. “ಏನಂದೆ?”

“ಏಳು ಮೂರು ಸೊನ್ನೆ ಆರು! ಏಳು ಮೂರು ಸೊನ್ನೆ ಆರು!” ಮೇಷ್ಟ್ರು ಎಡಗೈಯಿಂದ ಪ್ಯಾನೆಲ್ಲಿನ ಕೆಳಸಾಲು ತೋರಿಸುತ್ತಾ ಕೂಗುತ್ತಲೇ ಇದ್ದರು. ಸದ್ದಿಗೆ ಮ್ಯಾನೇಜರ್ ಬಂದು ಬಾಗಿಲಲ್ಲಿ ನಿಂತ. ಅಷ್ಟು ವರ್ಷ ಹೆಂಡತಿ ಮಗಳಿಗೂ ಬಿಟ್ಟುಕೊಡದ ಗುಟ್ಟನ್ನು ಮೇಷ್ಟ್ರು ಈಗ ಸಂತೆಯಲ್ಲಿ ತರಕಾರಿ ಮಾರುವವರ ಹಾಗೆ ಕೂಗುತ್ತಿದ್ದರು.

“ಸಾಕಪ್ಪಾ, ಗೊತ್ತಾಯ್ತು, ಕಿರುಚ್ಬೇಡ!” ಮಗಳು ಸಡಿಲವಾದ ಸ್ಕ್ರೂವನ್ನು ಮತ್ತೆ ಬಿಗಿದಳು, ಫ್ಯೂಸುಗಳನ್ನು ಒಳಗೆ ತಳ್ಳಿದಳು. ಮೀಟರ್ ಕಣ್ಣುಬಿಟ್ಟಿತು. ಏಳು, ಮೂರು, ಸೊನ್ನೆ, ಆರು ಒತ್ತಿದಳು. ತೆರೆದುಕೊಂಡಿತು. ನೂರು ಇದ್ದ ಕಡೆ ಇನ್ನೂರು ಮಾಡಿದಳು. ಆಂಪಿನ ಲೆಕ್ಕ ಒಂದೇ ನೆಗೆತಕ್ಕೆ ಇಮ್ಮಡಿಯಾಯಿತು. ಹೊರಗಿನಿಂದಲೇ ಕರೆಂಟ್ ಅಳೆಯುವ ಕ್ಲಾಂಪ್ ಮೀಟರನ್ನು ಕೇಬಲ್ಲಿಗೆ ಹಿಡಿದು ತಾಳೆ ನೋಡಿದಳು, ಎರಡೂ ಒಂದೇ ತೋರಿಸಿದವು. “ಸದ್ಯ, ಮೇಷ್ಟ್ರು ಕೈಬಿಡ್ಲಿಲ್ಲ!” ಎಂದು ಮ್ಯಾನೇಜರ್ ಸಂತೋಷದಿಂದ ಹೊರಟುಹೋದ.

ಮಗಳಿಗೆ ಸಂತೋಷವಾಗಲಿಲ್ಲ. ಸ್ಕ್ರೂಡ್ರೈವರನ್ನು ಚೀಲಕ್ಕೆ ಎಸೆದಳು.

“ಗೊತ್ತಿತ್ತು ನಿಂಗೆ. ಅಷ್ಟು ದಿನ ಅಂಕಿ ಮುಂದಿಟ್ಟು ಬೇಡ್ಕೊಂಡೆ, ಅಮ್ಮ ಬೇಡಿದ್ಳು. ಬಾಯಿ ಬಿಡ್ಲಿಲ್ಲ. ಮೀಟರ್ ಕಿತ್ತಾಕ್ತೀನಿ ಅಂದ ತಕ್ಷಣ ಬಂತಲ್ಲ ಮಾತು! ನಂಗಿಂತ ಆ ಡಬ್ಬ ಹೆಚ್ಚಾಯ್ತಾ ಅಪ್ಪ?”

ಮೇಷ್ಟ್ರು ಜೀವಮಾನದಲ್ಲಿ ತಿಂದ ಪೆಟ್ಟುಗಳಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಅಲ್ಲ ಎಂದು ತಲೆಯಾಡಿಸಿದರು. “ಏಳು ಮೂರು...” ಎಂದರು. ಹನ್ನೊಂದು ಹೋಗಿ ಆ ಜಾಗಕ್ಕೆ ಇದು ಬಂದು ಕೂತಿತ್ತು. ಮಗಳು ಮುಖ ತಿರುಗಿಸಿಕೊಂಡು ಚೀಲದ ಬಾಯಿ ಕಟ್ಟತೊಡಗಿದಳು. ಇವತ್ತು ಹೀಗೇ ಮನೆಗೆ ಹೋದರೆ, ನಾಳೆ ಇನ್ನೊಂದು ಕಾರ್ಖಾನೆಯಲ್ಲಿ, ಇನ್ನೊಂದು ಆರಿದ ಮೀಟರಿನ ಬೆನ್ನಿಗೆ ಅವಳು ಹೀಗೇ ಕೈ ಹಾಕುತ್ತಾಳೆ. ಅಲ್ಲಿ ಕೂಗಲು ತಾವಿರುವುದಿಲ್ಲ.

ಮೇಷ್ಟ್ರು ಕುರ್ಚಿಯಿಂದ ಜಾರಿ ರಬ್ಬರ್ ಹಾಸಿನ ಮೇಲೆ ಬಿದ್ದರು. ಎಡಗೈ ಊರಿ, ಬಲಗಾಲನ್ನು ಎಳೆದುಕೊಂಡು ಪ್ಯಾನೆಲ್ ಹತ್ತಿರಕ್ಕೆ ತೆವಳಿದರು. ಮಗಳು ಗಾಬರಿಯಿಂದ ಓಡಿಬಂದು ಹಿಡಿದುಕೊಂಡರೆ ಅವಳ ಹೆಗಲನ್ನೇ ಆಸರೆ ಮಾಡಿಕೊಂಡು ಎದ್ದರು. ತೆರೆದ ಬಾಗಿಲೊಳಗೆ, ಅವಳು ಸಡಿಲಿಸಿದ್ದ ಸ್ಕ್ರೂವನ್ನು ದೂರದಿಂದ ಬೆರಳು ಮಾಡಿ ತೋರಿಸಿದರು. ಬಳೆಯನ್ನು ತೋರಿಸಿದರು. ಆಚೆ ಸದ್ದು ಮಾಡುತ್ತಿದ್ದ ಯಂತ್ರದ ಕಡೆ ತೋರಿಸಿದರು. ಆಮೇಲೆ ಅವಳ ಬೆರಳುಗಳನ್ನು ಹಿಡಿದು ಅಲುಗಾಡಿಸಿ, ತಮ್ಮ ಎದೆಗೆ ಮುಷ್ಟಿಯಿಂದ ಗುದ್ದಿಕೊಂಡು, ಕಣ್ಣು ಮುಚ್ಚಿ ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿದರು.

ಅವಳು ನೋಡುತ್ತಾ ನಿಂತಳು. ಮೇಷ್ಟ್ರು ಕಣ್ಣುಬಿಟ್ಟು ಕೆಳಸಾಲಿನ ಲಿಂಕಿನ ಮುಂದೆ ಬೆರಳು ಹಿಡಿದು ಅದನ್ನು ಆಚೆಗೆ ಸರಿಸುವಂತೆ ಮಾಡಿ ತೋರಿಸಿದರು. ಈಗ ಬಿಚ್ಚು ಎಂಬಂತೆ ಸ್ಕ್ರೂ ಕಡೆ ಕೈಯಾಡಿಸಿದರು. ಮೊದಲು ಇದು, ಆಮೇಲೆ ಅದು. ಮೊದಲು ಇದು, ಆಮೇಲೆ ಅದು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ಆದರೂ ಬಿಡಲಿಲ್ಲ. ಮಗಳ ಕಣ್ಣು ಲಿಂಕಿನಿಂದ ಸ್ಕ್ರೂಗೆ, ಸ್ಕ್ರೂನಿಂದ ತನ್ನ ಕೈಗೆ ಬಂತು.

“ಮೀಟರ್ ಆರಿದ್ರೂ ಅದ್ರಲ್ಲಿ ಕರೆಂಟ್ ಇತ್ತಾ?”

ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

“ಅದಕ್ಕಾ ನೀನು ಕೂಗಿದ್ದು? ನಂಬರ್ ಹೇಳೋಕಲ್ಲ?”

ಮೇಷ್ಟ್ರು ನಂಬರಿಗಲ್ಲ ಎಂದು ತಲೆ ಅಲ್ಲಾಡಿಸಿದರು. ಅಲ್ಲ, ಅಲ್ಲ ಎಂದು ಅಲ್ಲಾಡಿಸುತ್ತಲೇ ಇದ್ದರು.

ಅವಳು ಅವರನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಅಲ್ಲೇ ಅವರ ಕಾಲ ಬಳಿ ಕುಸಿದು ಕುಳಿತಳು. ಸ್ಕ್ರೂಡ್ರೈವರ್ ಹಿಡಿದಿದ್ದ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದುಕೊಂಡು ಅವಳು ಅತ್ತಳು.

“ಮೊದ್ಲೇ ಹೇಳ್ಬಾರ್ದಿತ್ತಾ ಅಪ್ಪ? ಬಾಯಿ ಚೆನ್ನಾಗಿದ್ದಾಗ್ಲೇ ಹೇಳ್ಬಾರ್ದಿತ್ತಾ?”

ಅದಕ್ಕೆ ಮೇಷ್ಟ್ರ ಹತ್ತಿರ ಉತ್ತರವಿತ್ತು. ನೀನು ಕಲಿತುಬಿಟ್ಟರೆ ನಾನು ಯಾರಿಗೂ ಬೇಡವಾಗುತ್ತೇನೆಂದು ಹೆದರಿದ್ದೆ ಮಗಳೇ ಎಂಬ ಮಾತು ಒಂದಕ್ಷರ ಲೋಪವಿಲ್ಲದೆ ಒಳಗೆ ಇತ್ತು. ಹೇಳಲು ಹೋದರೆ ಏನು ಬರುತ್ತದೆಂದೂ ಅವರಿಗೆ ಗೊತ್ತಿತ್ತು. ತುಟಿಗಳನ್ನು ಬಿಗಿಯಾಗಿ ಕಚ್ಚಿ ಹಿಡಿದು, ಎಡಗೈಯನ್ನು ಅವಳ ತಲೆಯ ಮೇಲಿಟ್ಟುಕೊಂಡು ನಿಂತರು.